ಮೊದಲ ಸಾಲು

ಬುಧವಾರ ಬೆಳಿಗ್ಗೆ ಅಕ್ಕ ಅಂಗಡಿಯ ಕಂಪ್ಯೂಟರಿನಲ್ಲಿ ‘ಕಿಟಕಿ ಪರದೆ ಹೊಲಿಗೆ’ ಎಂದು ಹುಡುಕಿದಳು. ಮೊದಲ ಸಾಲಿನಲ್ಲಿ ಅವಳದೇ ಜಾಹೀರಾತು. ಕೆಳಗೆ ತಂಗಿಯದು ಇರಲಿಲ್ಲ. ಮುಂದಿನ ಪುಟದಲ್ಲೂ ಇರಲಿಲ್ಲ.

ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಅನ್ನುವ ಮಾತಿಗೆ ಇಬ್ಬರೂ ಮುಖ ತಿರುಗಿಸಿಕೊಂಡು ನಾಲ್ಕು ವರ್ಷ. ತಂಗಿ ಊರಿನ ಆಚೆ ತುದಿಯಲ್ಲಿ ಬೇರೆ ಅಂಗಡಿ ಹಾಕಿದ್ದಳು. ಹುಡುಕುವ ಪುಟದಲ್ಲಿ ಒಂದೊಂದು ಕ್ಲಿಕ್ಕಿಗೆ ಹರಾಜಿನಂತೆ ಹೆಚ್ಚು ಹಣದ ಬಿಡ್ ಕೂಗಿದವರ ಜಾಹೀರಾತು ಮೇಲೆ. ಹತ್ತು ಗಂಟೆಗೆ ಅಕ್ಕ ಬಿಡ್ ಏರಿಸಿದರೆ ಹನ್ನೊಂದರೊಳಗೆ ತಂಗಿ ಏರಿಸುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ.

ಅಕ್ಕ ತನ್ನ ಜಾಹೀರಾತು ನೋಡಿಕೊಳ್ಳುವವನಿಗೆ ಫೋನ್ ಮಾಡಿದಳು. ಅವನಿಗೆ ಖುಷಿಯೋ ಖುಷಿ.

“ಗೆದ್ರಲ್ಲಾ ಮೇಡಂ! ಎದುರಾಳಿ ಕಣದಲ್ಲೇ ಇಲ್ಲ. ಇನ್ನು ಬಿಡ್ ಇಳಿಸೋಣ. ಎಷ್ಟು ಸಲ ಬಡ್ಕೊಂಡೆ, ಎರಡನೇ ಜಾಗನೇ ಲಾಭ, ಮೊದಲನೇದನ್ನ ಸುಮ್ನೆ ಒತ್ತಿ ಹೋಗೋರೇ ಜಾಸ್ತಿ ಅಂತ.”

“ಇನ್ನೊಂದಿಷ್ಟು ಏರಿಸು.”

“ಯಾರನ್ನ ದಾಟೋಕೆ? ಮೇಲೆ ಯಾರೂ ಇಲ್ವಲ್ಲ!”

“ಏರಿಸು ಅಂದೆನಲ್ಲ.”

ಅವನು ಏರಿಸಿದ. ಹನ್ನೊಂದಾಯಿತು, ಮಧ್ಯಾಹ್ನವಾಯಿತು. ಅಕ್ಕ ಒಂದು ಪರದೆಯ ಅಂಚನ್ನು ಎರಡು ಸಲ ತಪ್ಪು ಮಡಿಸಿ, ಎರಡು ಸಲ ಬಿಚ್ಚಿದಳು. ಗುರುವಾರವೂ ತಂಗಿಯ ಸುಳಿವಿಲ್ಲ. ಶುಕ್ರವಾರ ಅಂಗಡಿಗೆ ಬೀಗ ಜಡಿದು ಬಸ್ಸು ಹತ್ತಿದಳು.

ತಂಗಿಯ ಅಂಗಡಿಯ ಬಾಗಿಲು ಎಳೆದಿತ್ತು. ಫಲಕ ಬಿಚ್ಚಿದ ಜಾಗದಲ್ಲಿ ಗೋಡೆ ಬೆಳ್ಳಗೆ ಕಾಣುತ್ತಿತ್ತು. ಪಕ್ಕದಲ್ಲಿ ಬೀಗದ ಕೈ ಮಾಡುವವನು ಅರದಿಂದ ಕೀಲಿ ತಿಕ್ಕುತ್ತಿದ್ದ. ಈ ಅಂಗಡಿಯವರು ಎಲ್ಲಿ ಎಂದು ಅಕ್ಕ ಅವನನ್ನು ಕೇಳಿದಳು.

“ಪರದೆ ಅಂಗಡಿಯವರಾ? ಮಂಗಳವಾರ ಸಂಜೆ ಮಗಳು ಬಂದು ಕರ್ಕೊಂಡು ಹೋದ್ಲು. ಕೈ ನಡುಕ ನೋಡಿ, ಪಾಪ. ಹೊಲಿಯೋದು ಬಿಟ್ಟೇ ಎಂಟು ತಿಂಗಳಾಗಿತ್ತು.”

“ಸುಳ್ಳು. ಮಂಗಳವಾರದವರೆಗೂ ಜಾಹೀರಾತು ಇತ್ತು.”

“ಇತ್ತು, ಅವರ ಫೋನಲ್ಲಿ ಬಿಡ್ ನಾನೇ ಒತ್ತಿಕೊಡ್ತಿದ್ದೆ. ದಿನಾ ಬಂದು ಇಲ್ಲೇ ಕೂರೋರು. ಹೊಲಿಯೋಕಾಗಲ್ಲ, ಇದ್ಯಾಕಮ್ಮಾ ನಿಮಗೆ ಅಂತ ಬೈದೂ ಬೈದೆ. ‘ನಾನು ಏರಿಸಿದ್ರೆ ಆ ಕಡೆ ನಮ್ಮಕ್ಕನೂ ಏರಿಸ್ತಾಳೆ ಕಣಪ್ಪಾ. ಚೆನ್ನಾಗಿದ್ದಾಳೆ ಅಂತ ಗೊತ್ತಾಗುತ್ತೆ’ ಅನ್ನೋರು.”

ಅಕ್ಕ ಎಳೆದ ಬಾಗಿಲಿನ ಮೇಲೆ ಅಂಗೈ ಊರಿದಳು. ಬಿಸಿಲಿಗೆ ಕಾದ ತಗಡು ಚುರ್ರೆಂದಿತು, ಕೈ ತೆಗೆಯಲಿಲ್ಲ.

ಅವನು ಅರ ಕೆಳಗಿಟ್ಟು ಕೇಳಿದ: “ಮಗಳ ನಂಬರ್ ಇದೆ, ಬೇಕಾ? ಅಂದ ಹಾಗೆ, ನೀವು ಅವರಿಗೆ ಏನಾಗಬೇಕು?”

ಅವಳ ಬಾಯಿ ತೆರೆಯಿತು. ಹೇಳಬೇಕಾದ ಮಾತು ಎರಡೇ ಅಕ್ಷರದ್ದು.

“ಗಿರಾಕಿ,” ಅಂದಳು.