ಎಂಟನೆಯ ಫ್ಯಾಕ್ಟರ್

ಆಪರೇಷನ್ ಥಿಯೇಟರಿನ ಬಾಗಿಲಿಗೆ ಅಡ್ಡವಾಗಿ ಮುದುಕ ನಿಂತಿದ್ದ. ಒಳಗೆ ಹೋಗಬೇಕಾದ ಸ್ಟ್ರೆಚರ್ ಹೊರಗೇ ಉಳಿದಿತ್ತು. ಅದರ ಮೇಲಿದ್ದ ತುಂಬು ಬಸುರಿ ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡಿದ್ದಳು.

"ಇನ್ನೊಂದು ಪರೀಕ್ಷೆ ಆಗಬೇಕು. ಅಲ್ಲೀವರೆಗೂ ಇವಳನ್ನ ಒಳಗೆ ಬಿಡಲ್ಲ," ಎಂದ ಮುದುಕ.

ಗದ್ದಲ ಕೇಳಿ ಡಾಕ್ಟರಮ್ಮ ಹೊರಗೆ ಬಂದರು. ಬೆಳಗಿನ ಹತ್ತೂವರೆ. ಮಗು ಕಾಲು ಕೆಳಗಾಗಿ ಕೂತಿತ್ತು, ಹನ್ನೊಂದಕ್ಕೆ ಆಪರೇಷನ್. ಬೆನ್ನುಹುರಿಯ ಪಕ್ಕ ಅರಿವಳಿಕೆ ಚುಚ್ಚುವ ಡಾಕ್ಟರು ಒಳಗೆ ಸೂಜಿ ಹಿಡಿದು ಕಾಯುತ್ತಿದ್ದರು.

"ಯಾರಿವರು?"

"ನಮ್ಮ ಮಾವ, ಮೇಡಂ," ಬಸುರಿಯ ಗಂಡ ನಾಚಿಕೆಯಿಂದ ಹೇಳಿದ. "ಬುಕ್ ಬೈಂಡಿಂಗ್ ಮಾಡ್ತಾರೆ. ಆರೋಗ್ಯ ಅಷ್ಟಕ್ಕಷ್ಟೆ. ಭಯ ಜಾಸ್ತಿ."

"ರಕ್ತ ಕಂಡ್ರೆ ಆಗಲ್ಲ ಇವರಿಗೆ," ಎಂದಳು ಬಸುರಿ. "ಚಿಕ್ಕವಳಿದ್ದಾಗ ನನ್ನ ಮಂಡಿ ತರಚಿದ್ರೂ ಗಾಯ ಒಣಗೋವರೆಗೂ ಕಣ್ಣು ಕೀಳ್ತಿರಲಿಲ್ಲ. ಸಾಕಿದವರು ಅಂತ ಸಹಿಸ್ಕೊಂಡಿದೀನಿ."

ತಾನು ಅನಾಥಾಶ್ರಮದಿಂದ ತಂದ ಮಗು ಎಂದು ಅವಳಿಗೆ ತಿಳಿದದ್ದು ಐದು ವರ್ಷದ ಹಿಂದೆ, ಮದುವೆಯ ಮಾತುಕತೆ ನಡೆಯುವಾಗ. ಇಷ್ಟು ದಿನ ಮುಚ್ಚಿಟ್ಟರಲ್ಲ ಎಂಬ ಸಿಟ್ಟು ಅವತ್ತು ಹತ್ತಿದ್ದು ಇಳಿದೇ ಇರಲಿಲ್ಲ. ಆಮೇಲೆ ಒಮ್ಮೆಯೂ ಮುದುಕನನ್ನು ಅಪ್ಪಾ ಎಂದು ಕರೆದಿರಲಿಲ್ಲ.

ಡಾಕ್ಟರಮ್ಮ ಫೈಲು ತೆರೆದರು. "ರಕ್ತ ನಿಲ್ಲೋ ಪರೀಕ್ಷೆ ಆಗಿದೆ, ಅಜ್ಜಾರೇ. ಬೆರಳಿಗೆ ಚುಚ್ಚಿ ನೋಡಿದಾರೆ. ಸರಿಯಾಗಿದೆ."

"ಅದು ಬರೀ ಅಂಟು ನೋಡಿದ್ದು, ತಾಯಿ. ಗಾಯ ಆದ ತಕ್ಷಣ ಪ್ಲೇಟ್‌ಲೆಟ್ ಬಂದು ಅಂಟ್ಕೊಳ್ಳುತ್ತೆ. ಅಂಟು ಹಚ್ಚಿದ ಮಾತ್ರಕ್ಕೆ ಪುಸ್ತಕ ನಿಲ್ಲುತ್ತಾ? ಹೊಲಿಗೆ ಬೇಕು. ಆ ದಾರ ನೂಲೋಕೆ ರಕ್ತದಲ್ಲಿರೋ ಫ್ಯಾಕ್ಟರುಗಳು ಒಂದನ್ನೊಂದು ಎಬ್ಬಿಸ್ಕೊಂಡು ಬರಬೇಕು. ನಡುವೆ ಎಂಟನೇದು ಏಳದಿದ್ರೆ ಹೊಲಿಗೆ ಬೀಳೋದೇ ಇಲ್ಲ. ಎಂಟನೇದನ್ನ ನೋಡಿ."

ಡಾಕ್ಟರಮ್ಮ ಫೈಲು ಮುಚ್ಚಿದರು. ಬೈಂಡರನನ್ನು ಪಕ್ಕದ ಕೋಣೆಗೆ ಕರೆದರು. ಅವನ ಹೆಂಡತಿಯೂ ಹಿಂದೆಯೇ ಬಂದು ಅವನ ಅಂಗಿಯ ತೋಳು ಹಿಡಿದಳು.

"ಮಾತು ಕೊಟ್ಟಿದೀರಿ," ಎಂದಳು ಮೆಲ್ಲಗೆ.

"ಮುರೀತಿಲ್ಲ ಕಣೇ."

"ಇವಳನ್ನ ಹೆತ್ತವರು ನಿಮಗೆ ಗೊತ್ತು, ಅಲ್ವಾ?" ಡಾಕ್ಟರಮ್ಮ ನೇರವಾಗಿ ಕೇಳಿದರು.

"ಗೊತ್ತು."

"ಯಾರಿಗಿದೆ ಕಾಯಿಲೆ?"

"ಅಪ್ಪನಿಗೆ. ಹುಟ್ಟಿದಾಗಿಂದ."

ಡಾಕ್ಟರಮ್ಮನ ಮುಖ ಬಿಗಿಯಾಯಿತು. ಅಪ್ಪನಿಗೆ ರಕ್ತ ಹೆಪ್ಪುಗಟ್ಟದ ಈ ಹಿಮೋಫಿಲಿಯಾ ಇದ್ದರೆ ಮಗನಿಗೆ ದಾಟುವುದಿಲ್ಲ, ಆದರೆ ಆ ದೋಷ ಹೊರದ ಮಗಳಿಲ್ಲ. ಹೊತ್ತವರಲ್ಲಿ ಕೆಲವರ ರಕ್ತದಲ್ಲಿ ಎಂಟನೆಯ ಫ್ಯಾಕ್ಟರ್ ತೀರ ಕಡಿಮೆ ಇರುತ್ತದೆ.

"ಅವರನ್ನ ಕರೆಸೋಕಾಗುತ್ತಾ?"

"ಅವನು ಬಾಯಿ ಬಿಡಲ್ಲ, ತಾಯಿ. ಮಗಳ ಸಂಸಾರ ಚೆನ್ನಾಗಿರಲಿ ಅಂತ ದೂರ ನಿಂತವನು. ಅಳಿಯಂಗೂ ಇದು ಗೊತ್ತಾಗೋದು ಬೇಡ."

ರಕ್ತ ಲ್ಯಾಬಿಗೆ ಹೋಯಿತು. ಫಲಿತಾಂಶಕ್ಕೆ ಒಂದೂವರೆ ಗಂಟೆ ಬೇಕೆಂದರು. ಬೆನ್ನಿಗೆ ಸೂಜಿ ಬೇಡ ಎಂದು ಡಾಕ್ಟರಮ್ಮ ಒಳಗೆ ಹೇಳಿ ಕಳಿಸಿದರು.

ಹನ್ನೊಂದೂಕಾಲಿಗೆ ನೋವು ಶುರುವಾಯಿತು.

"ಇವರ ಮಾತು ಕೇಳಿ ಕೂತಿದೀರಲ್ಲ, ಮೇಡಂ," ಅಳಿಯನ ದನಿ ಏರಿತು. "ನನ್ನ ಹೆಂಡತಿಗೇನಾದ್ರೂ ಆದ್ರೆ ಇವರನ್ನ ಸುಮ್ನೆ ಬಿಡಲ್ಲ."

ಬೆಂಚು ಖಾಲಿಯಿತ್ತು. ಮೊಣಕಾಲು ಬಗ್ಗದ ಬೈಂಡರ್ ಗೋಡೆಗೊರಗಿ ನಿಂತೇ ಇದ್ದ. ಒಳಗಿಂದ ಮಗಳು ನರಳಿದಾಗಲೆಲ್ಲ ಅವನ ಕೈ ಅಂಗಿಯ ಗುಂಡಿಯನ್ನು ತಿರುವುತ್ತಿತ್ತು. ನೋವು ಹತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದದ್ದು ಐದಕ್ಕಿಳಿಯಿತು. ಮಗುವಿನ ಎದೆಬಡಿತ ಒಮ್ಮೆ ತಗ್ಗಿ ಮತ್ತೆ ಏರಿತು. ಇನ್ನು ಕಾಯಲಾಗದೆಂದು ಸಿಸ್ಟರ್ ಸ್ಟ್ರೆಚರಿನ ಬ್ರೇಕು ತೆಗೆದಾಗ ಲ್ಯಾಬಿನ ಫೋನ್ ಬಂತು.

ನೂರರ ಹತ್ತಿರ ಇರಬೇಕಾದ ಎಂಟನೆಯ ಫ್ಯಾಕ್ಟರ್ ಹದಿನಾಲ್ಕಿತ್ತು.

ಆಮೇಲೆ ಯಾರೂ ನಡೆಯಲಿಲ್ಲ, ಓಡಿದರು. ಫ್ರಿಜ್ಜಿನಿಂದ ಸಣ್ಣ ಸೀಸೆಗಳು ಬಂದವು. ಒಳಗಿನ ಬಿಳಿ ಪುಡಿಯನ್ನು ನೀರಿನಲ್ಲಿ ಕರಗಿಸಿ ಅವಳ ನರಕ್ಕೆ ಹರಿಸಿದರು. ಪೂರ್ತಿ ಎಚ್ಚರ ತಪ್ಪಿಸಿ ಹೊಟ್ಟೆ ಕೊಯ್ದರು. ಕೊಯ್ದ ಜಾಗದಲ್ಲಿ ರಕ್ತ ಜಿನುಗಿತು, ಗಟ್ಟಿಯಾಯಿತು, ನಿಂತಿತು. ಒಂದು ಗಂಟೆಗೆ ಹೆಣ್ಣು ಮಗು ಅತ್ತಿತು.

ಸಂಜೆ ಅಳಿಯ ಮಗುವಿಗೆ ಬಟ್ಟೆ ತರಲು ಹೊರಗೆ ಹೋದ. ಬಾಣಂತಿಯ ಪಕ್ಕ ತಾಯಿಯೊಬ್ಬಳೇ ಇದ್ದಳು. ಡಾಕ್ಟರಮ್ಮ ಬಂದು ಹೊಲಿಗೆ ನೋಡಿದರು.

"ಬೆಳಗ್ಗೆ ಆ ಸೂಜಿ ಚುಚ್ಚಿದ್ರೆ ಬೆನ್ನೊಳಗೆ ರಕ್ತ ಕಟ್ಕೊಂಡು ಕಾಲು ಹೋಗಬಹುದಿತ್ತು. ಜೀವಕ್ಕೂ ಭರವಸೆ ಇರಲಿಲ್ಲ. ನಿಮ್ಮನ್ನ ಹೆತ್ತ ತಂದೆಗೆ ಈ ಕಾಯಿಲೆ ಇದೆ ಅಂತ ಬೈಂಡರಜ್ಜ ಹೇಳಿದ್ದಕ್ಕೆ ಬಚಾವಾದ್ರಿ," ಎಂದು ಹೇಳಿ ಅವರು ಹೋದರು.

ಬಾಣಂತಿ ತಾಯಿಯತ್ತ ತಿರುಗಿ ಕೇಳಿದಳು: "ಅಮ್ಮಾ, ಹೆತ್ತ ಅಪ್ಪ ಬದುಕಿದಾನಾ? ಹುಟ್ಟಿದ ಕೂಡಲೇ ನನ್ನನ್ನ ಬಿಟ್ಟುಕೊಟ್ಟನಾ?"

ತಾಯಿ ಬಾಗಿಲತ್ತ ನೋಡಿದಳು. ಹೊರಗೆ ಗೋಡೆಗೊರಗಿದ ನೆರಳು ಇನ್ನೂ ಅಲ್ಲೇ ಇತ್ತು.

"ಹುಟ್ಟಿದಾಗ ಅಲ್ಲ," ಎಂದಳು. "ಅಪ್ಪನ ಕಾಯಿಲೆ ಕೇಳಿ ಮೂರು ಕಡೆಯ ಗಂಡಿನವರು ಎದ್ದು ಹೋದ ಮೇಲೆ, ನಿನ್ನ ಇಪ್ಪತ್ತಮೂರನೇ ವಯಸ್ಸಲ್ಲಿ."