ದನಿ ಎಲ್ಲಿ ಹೋಯಿತು

ಕಂಪ್ಯೂಟರಿನ ಪರದೆ ಒಮ್ಮೆ ಕಣ್ಣು ಮಿಟುಕಿಸಿದಂತೆ ಆರಿ ಹತ್ತಿತು. ಅಷ್ಟೇ. ಆಮೇಲೆ ಪರದೆಯಲ್ಲಿ ಸಂದರ್ಶನ ನಡೆಸುತ್ತಿದ್ದ ಗೋವಿಂದರಾಜು ಅವರ ತುಟಿ ಅಲ್ಲಾಡುತ್ತಿತ್ತು, ಶಿಲ್ಪಳ ಕಿವಿ ಮುಚ್ಚಿದ್ದ ಹೆಡ್‌ಫೋನಿನಲ್ಲಿ ಮಾತ್ರ ಸದ್ದೇ ಇರಲಿಲ್ಲ.

"ಸರ್, ನಿಮ್ಮ ಮಾತು ಕೇಳಿಸ್ತಿಲ್ಲ," ಎಂದಳು. ಅವಳ ಮಾತು ಅವರಿಗೆ ಕೇಳಿಸುತ್ತಿತ್ತು. ಅವರು ತಲೆಯಾಡಿಸಿ, ಆಚೆ ದಡದವರನ್ನು ಕೂಗುವವರ ಹಾಗೆ ಬಾಯಿ ದೊಡ್ಡದು ಮಾಡಿ ಅದೇ ಮಾತನ್ನು ಮತ್ತೆ ಹೇಳಿದರು. ಅಲ್ಲಿಯವರೆಗೆ ಸಂದರ್ಶನ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತ್ತು. ಔಷಧ ಕಾರ್ಖಾನೆಯ ಹುಬ್ಬಳ್ಳಿ ಘಟಕದಲ್ಲಿ ಪ್ರಯೋಗಾಲಯದ ಮುಖ್ಯಸ್ಥೆಯ ಹುದ್ದೆ. ದಾಬಸ್‌ಪೇಟೆಯ ಘಟಕದಲ್ಲಿ ಏಳು ವರ್ಷ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಕಳೆದವಳಿಗೆ ಇಂಥ ಬಾಗಿಲು ಇನ್ನೊಮ್ಮೆ ತೆರೆಯುವಂತಿರಲಿಲ್ಲ. "ಇದೊಂದು ಕೊನೆಯ ಪ್ರಶ್ನೆ" ಎಂದು ಅವರು ಹೇಳಿದ್ದು ಕೇಳಿಸಿತ್ತು, ಪ್ರಶ್ನೆ ಕೇಳಿಸಲಿಲ್ಲ. ಹನ್ನೊಂದೂವರೆಗೆ ಅವರ ಮುಂದೆ ಬೇರೆಯವರು ಬಂದು ಕೂರುತ್ತಾರೆ. ಈಗ ಹನ್ನೊಂದು ಇಪ್ಪತ್ತು.

ಎಲ್ಲಾ ಕಂಪ್ಯೂಟರಿಗೆ ಹೊಸದಾಗಿ ಹಾಕಿಸಿದ ಈ ಲಿನಕ್ಸಿನ ಕಿತಾಪತಿ ಎಂದು ಅವಳಿಗೆ ಖಾತ್ರಿಯಾಯಿತು. ಹಳೆಯ ವಿಂಡೋಸಿನ ಆಯಸ್ಸು ಮುಗಿಯಿತು ಎಂಬ ಎಚ್ಚರಿಕೆ ದಿನಾ ಬರುತ್ತಿದ್ದುದರಿಂದ, ಜೊತೆಗೆ ಕೆಲಸ ಮಾಡುವ ಹರ್ಷಿತ ಹೋದ ಭಾನುವಾರ ಬಂದು ಇದನ್ನು ಹಾಕಿಕೊಟ್ಟಿದ್ದಳು. ಹಸು ಇದ್ದಂಗೆ ಕಣೇ, ಒದೆಯಲ್ಲ ಎಂದು ಬೆನ್ನು ತಟ್ಟಿ ಹೋಗಿದ್ದಳು. ನಿನ್ನೆ ಸಂಜೆ ಪರೀಕ್ಷೆ ಮಾಡಿದಾಗ ಒದ್ದಿರಲೂ ಇಲ್ಲ. ಹಸು ಒದೆಯುವುದು ತಂಬಿಗೆ ತುಂಬಿದ ಮೇಲೆಯೇ ಎಂಬುದನ್ನು ಹಳ್ಳಿಯಲ್ಲಿ ಬೆಳೆದವಳು ಮರೆಯಬಾರದಿತ್ತು.

ಹೆಡ್‌ಫೋನಿನ ತಂತಿ ಕಿತ್ತು, ಊದಿ, ಮತ್ತೆ ಚುಚ್ಚಿದಳು. ದನಿಯ ಪಟ್ಟಿಯನ್ನು ತುದಿಯವರೆಗೆ ಎಳೆದಳು. ಫೋನಿನಲ್ಲಿ ಹುಡುಕಿದರೆ ಯಾವುದೋ ದೇಶದ ಪುಣ್ಯಾತ್ಮನೊಬ್ಬ ಒಂದು ಸಾಲು ಬರೆದು, ಕಂಪ್ಯೂಟರಿಗೆ ಆದೇಶ ಕೊಡುವ ಕಪ್ಪು ಕಿಟಕಿ ತೆರೆದು ಇದನ್ನು ಹೊಡೆಯಿರಿ ಎಂದಿದ್ದ. ಒಂದೊಂದೇ ಅಕ್ಷರ ನೋಡಿಕೊಂಡು ಹೊಡೆದಳು. ಅದು ಪಾಸ್‌ವರ್ಡ್ ಕೇಳಿತು. ಒತ್ತಿದರೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡೂ ಕೈಕೊಟ್ಟಿತೆಂದು ಅವಳಿಗೆ ಅಳು ಬಂತು. ಹರ್ಷಿತಳಿಗೆ ಮೆಸೇಜು ಹಾಕಿದಾಗ, ಅಲ್ಲಿ ಅಕ್ಷರ ಕಾಣಲ್ಲ, ಕಾಣದಿದ್ರೂ ಒಳಗೆ ಹೋಗುತ್ತೆ, ಸುಮ್ನೆ ಹೊಡಿ ಎಂಬ ಉತ್ತರ ಬಂತು. ಹಾಗೇ ಹೊಡೆದಳು. ಹತ್ತಾರು ಸಾಲು ಸರಸರನೆ ಓಡಿದವು. ದನಿ ಬರಲಿಲ್ಲ. ಗೋವಿಂದರಾಜು ಗಡಿಯಾರ ನೋಡಿಕೊಂಡರು.

ಅವಳ ಆತಂಕಕ್ಕೆ ಇನ್ನೊಂದು ಕಾರಣವಿತ್ತು. ಈ ಸಂದರ್ಶನ ಅತ್ತೆ ಮುತ್ಯಾಲಮ್ಮನಿಗೆ ಗೊತ್ತಿರಲಿಲ್ಲ. ಮುತ್ಯಾಲಮ್ಮನನ್ನು ಕೇಳದೆ ಒಂದು ಕೋಳಿ ಕೂಡ ಒಳಗೆ ಬಾರದ ಮನೆ ಅದು. ಅಂಥದ್ದರಲ್ಲಿ ಮಗ, ಸೊಸೆ, ಮೊಮ್ಮಗಳು ಹುಬ್ಬಳ್ಳಿಗೆ ಹೊರಡುವ ಮಾತು. ಆಯ್ಕೆಯಾದರೆ ಹೇಳೋಣ, ಆಗದಿದ್ದರೆ ಸುಮ್ಮನೆ ಯಾಕೆ ಮನಸ್ಸು ಕೆಡಿಸೋದು ಎಂದು ಗಂಡ ಭಾನುಪ್ರಕಾಶ್ ಹೇಳಿದ್ದ. ಹಾಗಾಗಿ ಬೆಳಿಗ್ಗೆ ಆಫೀಸಿನ ಮೀಟಿಂಗ್ ಎಂದು ಸುಳ್ಳು ಹೇಳಿ ಕೋಣೆಯ ಬಾಗಿಲು ಮುಚ್ಚಿಕೊಂಡಿದ್ದಳು. ಹಾಗಾದ್ರೆ ಇವತ್ತು ಹರಿಕಥೆ ಇಲ್ವಾ ಎಂದಷ್ಟೇ ಅತ್ತೆ ಕೇಳಿದ್ದರು. ಕೊಟ್ಟಿಗೆ ಕೆಲಸ ಮುಗಿಸಿ ಅವರು ದಿನಾ ಹಜಾರದ ಟಿವಿಯಲ್ಲಿ ನೋಡುವ ಹರಿಕಥೆ ಈ ಕಂಪ್ಯೂಟರಿನಿಂದಲೇ ಹೋಗಬೇಕು. ಅದಕ್ಕೆಂದೇ ಭಾನುಪ್ರಕಾಶ್ ಗೋಡೆಗೆ ತೂತು ಕೊರೆದು ಕೇಬಲ್ ಎಳೆದಿದ್ದ. ಮಧ್ಯಾಹ್ನ ಹಾಕಿಕೊಡುತ್ತೇನೆ ಎಂದು ಶಿಲ್ಪ ಸಮಾಧಾನ ಹೇಳಿದ್ದಳು.

ಇನ್ನು ಮೂರೇ ನಿಮಿಷ. ಕೊನೆಗೆ ಕಪ್ಪು ಕಿಟಕಿ ಮುಚ್ಚಿ, ಪರದೆಯ ಮೂಲೆಯ ಸ್ಪೀಕರಿನ ಚಿತ್ರ ಒತ್ತಿದಳು. ದನಿ ಎಲ್ಲಿಗೆ ಹೋಗಬೇಕು ಎಂದು ಕೇಳುವ ಪಟ್ಟಿ ತೆರೆಯಿತು. ಅದರಲ್ಲಿ ಎರಡೇ ಹೆಸರು. ಕೆಳಗಿನದು ಹೆಡ್‌ಫೋನು. ಮೇಲಿನದು, ಗುರುತು ಬಿದ್ದಿದ್ದದ್ದು, ಹಜಾರದ ಟಿವಿ.

ಹರಿಕಥೆ ಬಂದಿರಬಹುದೆಂದು ಅತ್ತೆ ಟಿವಿ ಹಾಕಿದ್ದರು, ಪರದೆ ಮಿಟುಕಿದ್ದು ಆಗಲೇ. ಟಿವಿ ಹತ್ತಿದ ಕೂಡಲೇ ಈ ಸಾಧು ಹಸು ದನಿಯನ್ನೆಲ್ಲ ಅಲ್ಲಿಗೆ ಹೊಡೆದುಕೊಂಡು ಹೋಗಿತ್ತು. ಅವಳು ಹೆಡ್‌ಫೋನ್ ಕಿವಿಯಿಂದ ಸರಿಸಿದಳು. ಮುಚ್ಚಿದ ಬಾಗಿಲಿನ ಆಚೆಯಿಂದ ಗೋವಿಂದರಾಜು ಅವರ ದನಿ ಮೈಕಿನಲ್ಲಿ ಕೂಗಿದ ಹಾಗೆ ಬಂತು: "ಶಿಲ್ಪ ಅವರೇ, ಮತ್ತೆ ಕೇಳ್ತಿದ್ದೀನಿ. ಹುಬ್ಬಳ್ಳಿಗೆ ಬಂದು ಇರೋದಕ್ಕೆ ಮನೇಲಿ ಎಲ್ಲರ ಒಪ್ಪಿಗೆ ಇದೆಯಾ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಮುತ್ಯಾಲಮ್ಮ ಸೊಂಟಕ್ಕೆ ಅವರೆಕಾಯಿಯ ಮೊರ ಆನಿಸಿಕೊಂಡು ನಿಂತಿದ್ದರು. ಅವರ ಮುಖ ನೋಡುವ ಧೈರ್ಯ ಶಿಲ್ಪಳಿಗೆ ಬರಲಿಲ್ಲ. ನಾಚಿಕೆಯಿಂದ ಮೊರವನ್ನೇ ನೋಡಿದಳು. ಅತ್ತೆ ಕಾಯಿ ಸುಲಿದರೆ ಕಾಳೇ ಬೇರೆ, ಸಿಪ್ಪೆಯೇ ಬೇರೆ. ಇವತ್ತು ಎರಡೂ ಒಂದರಲ್ಲೊಂದು ಕಲೆತು ಬಿದ್ದಿದ್ದವು.

"ಟೀವೀಲಿ ನಿಮ್ಮ ಸಾಹೇಬ್ರು ಆಗ್ಲಿಂದ ಒಂದೇ ಮಾತು ಕೇಳ್ತಾವ್ರೆ," ಎಂದರು ಮುತ್ಯಾಲಮ್ಮ. "ಒಪ್ಪಿದ್ದೀವಿ ಅಂತ ಮೂರು ಸಲ ಹೇಳ್ದೆ ಕಣಮ್ಮ. ಅವ್ರಿಗೆ ಕೇಳಿಸ್ತಾ ಇಲ್ಲ. ನೀನೇ ಹೇಳ್ಬಿಡು."