ಎಡಗೆನ್ನೆ

ಹಲ್ಲು ತೋರಿಸುವ ನೆವ ಹೇಳಿ ಧನಪಾಲ ತಂಗಿ ಕಾಶಿಬಾಯಿಯನ್ನು ಮಿರಜಕ್ಕೆ ಕರೆದೊಯ್ದು, ಅವಳ ಎಡಗೆನ್ನೆಗೆ ಐದು ಇಂಜೆಕ್ಷನ್ ಹಾಕಿಸಿದ. ಅವಳನ್ನು ಯಾರೂ ಕೇಳಲಿಲ್ಲ.

ಚಿಕ್ಕಂದಿನ ಕುರು ಬಿಟ್ಟುಹೋಗಿದ್ದ ಕುಳಿಯೇನೋ ತುಂಬಿತು. ಆದರೆ ತಮ್ಮೂರು ಸತ್ತಿಗೆ ಮರಳುವಷ್ಟರಲ್ಲಿ ಕೆನ್ನೆ ಕಪ್ಪು ದ್ರಾಕ್ಷಿಯಂತೆ ನೀಲಿಗಟ್ಟಿತ್ತು. ಅಕ್ಕೋಳದವರು ಹೆಣ್ಣು ನೋಡಲು ಬರುವುದು ಮರುದಿನವೇ. ಧನಪಾಲ ಅಥಣಿಗೆ ಓಡಿ, ಬರ್ಫದ ಗಡ್ಡೆಯೊಂದನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಹುಗಿದು, ಗೋಣಿಚೀಲದಲ್ಲಿ ಕಟ್ಟಿ, ಮೋಟಾರ್ ಸೈಕಲ್ಲಿನ ಹಿಂದೆ ಬಿಗಿದು ತಂದ. ಚಿಕ್ಕಪ್ಪನ ಹೆಂಡತಿ ಕಮಲಾಬಾಯಿ ಅದನ್ನು ಒಡೆದು ಟವೆಲ್ಲಿನಲ್ಲಿ ಸುತ್ತಿದಳು.

"ತಿಕ್ಕಬ್ಯಾಡ, ಬರೇ ಇಡು. ಹತ್ತ ಮಿನೀಟ ಇಡೂದು, ತಗಿಯೂದು. ತಲಿ ಎತ್ತರಕ್ಕಿರ್ಲಿ. ತಲಿನೋವಿನ ಗುಳಿಗಿ ಮಾತ್ರ ನುಂಗಬ್ಯಾಡವಾ, ನೀಲಿ ಇನ್ನಷ್ಟ ಹರಡತೈತಂತ. ಡಾಕ್ಟರ ಹೇಳ್ಯಾರ."

"ಮೊದಲ ಹೇಳಿದ್ರ ಮುಟಗಿ ಗುಳಿಗಿ ನುಂಗೇ ಮಿರಜಕ್ಕ ಹೋಗ್ತಿದ್ದೆ, ಕಾಕೂ."

"ಬಾಯಿ ನೋಡ ಇದರದು! ಇಂಜೆಕ್ಷನ್ ಅದಕ್ಕ ಹಾಕಸಬೇಕಿತ್ತು."

ಎರಡು ದಿಂಬಿನ ಮೇಲೆ ತಲೆಯಿಟ್ಟು ಕಾಶಿಬಾಯಿ ಕಣ್ಣು ಮುಚ್ಚಿದಳು. ತಂಪು ಮೂಳೆಗಿಳಿಯಿತು. ಮನೆಯ ಸದ್ದೆಲ್ಲ ದೂರ ದೂರ ಹೋಯಿತು. ಊರ ಹೊಳೆ ಕೃಷ್ಣೆ ಸಪ್ಪಳವಿಲ್ಲದೆ ಏರಿಬಂದು ಅಣ್ಣನ ತೋಟದ ದ್ರಾಕ್ಷಿ ಚಪ್ಪರದ ಕೆಳಗೆಲ್ಲ ತುಂಬಿಕೊಂಡಿದ್ದಳು. ಆ ಹಸಿರು ಬೆಳಕಿನಲ್ಲಿ ತೂಗುವ ಸಾವಿರ ಗೊನೆಗಳಲ್ಲಿ ತಾನೂ ಒಂದು. ಅಣ್ಣ ಕಾಯಿ ಉಬ್ಬಿಸುವ ಔಷಧಿಯ ಡಬ್ಬಿ ಹಿಡಿದು, ಮೊಣಕಾಲ ನೀರಿನಲ್ಲಿ, ಒಂದೊಂದೇ ಗೊನೆ ಅದ್ದುತ್ತ ಬರುತ್ತಿದ್ದ. ಪ್ರತಿ ಸುಗ್ಗಿಯಲ್ಲೂ ಕೂಲಿಯ ಹೆಂಗಸರಿಗೆ ಹೇಳುವ ಮಾತನ್ನೇ ಹೇಳುತ್ತಿದ್ದ: "ತೊಟ್ಟ ಹಿಡೀರಿ, ಕಾಯಿ ಮುಟ್ಟಬ್ಯಾಡ್ರಿ. ಮ್ಯಾಲಿನ ಬಿಳಿ ಹುಡಿ ಹೋತಂದ್ರ ವ್ಯಾಪಾರಿ ಮೂಗ ಮುರೀತಾನ." ಅವಳ ಹತ್ತಿರ ಬಂದವನು ಮಾತ್ರ ತೊಟ್ಟು ಹುಡುಕಲಿಲ್ಲ.

ಎಚ್ಚರವಾಯಿತು. ಕರಗಿದ ನೀರು ಕುತ್ತಿಗೆಗಿಳಿದಿತ್ತು. ಧನಪಾಲ ಹೆಬ್ಬೆರಳಿನಿಂದ ಅವಳ ಕೆನ್ನೆ ಒತ್ತಿ ನೋಡುತ್ತಿದ್ದ.

"ನೀಲಿ ಹೋಗವೊಲ್ದು. ನಾಳೆ ಕಿಡಕಿಗೆ ಬಲಗೆನ್ನಿ ಮಾಡಿ ಕುಂದ್ರು, ಎಡಗಡೆ ಸೆರಗ ಎಳಕೋ. ಲಗ್ನ ನಿಕ್ಕಿ ಆದಮ್ಯಾಲ ಇನ್ನೊಂದ ಸಲ ಹಾಕಸೂಣು."

"ದ್ರಾಕ್ಷಿಗಾದ್ರ ತೊಟ್ಟ ಹಿಡಿತಿ, ಅಣ್ಣಾ."

"ಏನಂತಿ? ಜ್ವರಾ ಬಂದಾವೇನ?"

ಮರುದಿನ ಅಕ್ಕೋಳದವರು ಬಂದು ಜಮಖಾನೆಯ ಮೇಲೆ ಕುಳಿತರು. ಕಾಶಿಬಾಯಿ ಚಹಾದ ತಟ್ಟೆ ಇಟ್ಟಳು, ಸೆರಗನ್ನು ಹೆಗಲಿಗೆ ಸರಿಸಿದಳು, ಎಡಗೆನ್ನೆಯನ್ನೇ ಕಿಟಕಿಯ ಬಿಸಿಲಿಗೆ ಕೊಟ್ಟು ಕುಳಿತಳು. ನೀಲಿಯ ಅಂಚಿನಲ್ಲಿ ಆಗಲೇ ಹಳದಿ ಮೂಡಿತ್ತು.

"ತಿರಗಬೇ, ಆಕಡೆ ತಿರಗು," ಹಿಂದಿನಿಂದ ಧನಪಾಲ ಪಿಸುಗುಟ್ಟಿದ.

"ತಿರಗಂಗಿಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ.